ಕೂರುವ ಕನೆಕ್ಟರ್, ಕೂಡುವ ಕನೆಕ್ಟರ್

ಇಟ್ಟಮಡುವಿನ ಹೆಸರಿನಲ್ಲೇ ಒಂದು ಮಡು ಇದೆ. ಬನಶಂಕರಿ ಮೂರನೇ ಹಂತಕ್ಕೂ ಹೊಸಕೆರೆಹಳ್ಳಿಗೂ ಅಂಟಿಕೊಂಡು ಒತ್ತೊತ್ತಾಗಿ ಬೆಳೆದ ಈ ಬಡಾವಣೆಯಿಂದ ಕಡಲು ಮಾತ್ರ ಬಲು ದೂರ, ಮಂಗಳೂರಿಗೇ ಸುಮಾರು 350 ಕಿಲೋಮೀಟರ್. ಆದರೂ ದೋಣಿ ಎಂಜಿನ್ನಿನ ಬಿಡಿಭಾಗ ಹುಡುಕುವ ಕೆಲಸ ಇಲ್ಲಿನ ಮನೆಗಳನ್ನು ತಲುಪುತ್ತದೆ. ಕುಂದಾಪುರ, ಗಂಗೊಳ್ಳಿ, ಉಪ್ಪುಂದ, ಹೊನ್ನಾವರದ ಕಡೆಯಿಂದ ಬಂದು ದಕ್ಷಿಣ ಬೆಂಗಳೂರಿನಲ್ಲಿ ನೆಲೆ ಕಂಡ ಕುಟುಂಬಗಳು ಕಡಿಮೆಯೇನಿಲ್ಲ. ಊರಲ್ಲಿ ಅಣ್ಣನದೋ ಭಾವನದೋ ನಾಡದೋಣಿ ಇರುತ್ತದೆ. ಹಬ್ಬಕ್ಕೆ ಹೊರಡುವ ಎರಡು ದಿನ ಮುಂಚೆ ಫೋನ್ ಬರುತ್ತದೆ: ‘ಬಪ್ಪತಿಗೆ ಎಂಜಿನ್ನಿಗೆ ಒಂದ್ ಕನೆಕ್ಟರ್ ತಕಂಡ್ ಬಾ ಮಾರಾಯಾ.’ ಬೆಂಗಳೂರಿನಲ್ಲಿ ಎಲ್ಲವೂ ಸಿಗುತ್ತದೆ ಎಂಬ ನಂಬಿಕೆ ಊರಿನವರದು. ಬಿಡಿಭಾಗಗಳ ಪೇಟೆಯಾದ ಜೆ.ಸಿ. ರಸ್ತೆಗೆ ಹೋದರೆ ಆಯಿತು ಎಂಬ ಧೈರ್ಯ ಇಲ್ಲಿನವರದು.

ಹೆಬ್ಬೆರಳಿಗಿಂತ ತುಸು ದೊಡ್ಡದಾದ ಈ ತುಂಡು ಪೆಟ್ರೋಲ್ ಅಥವಾ ಸೀಮೆಎಣ್ಣೆಯ ಹೋಸನ್ನು ಎಂಜಿನ್ನಿಗೆ, ಇಲ್ಲವೇ ಟ್ಯಾಂಕಿಗೆ ಜೋಡಿಸುವ ಕೊಂಡಿ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒತ್ತಿದರೆ ಹಲವು ಕನೆಕ್ಟರ್‌ಗಳು ಕೂರುತ್ತವೆ ಕೂಡ. ತೊಂದರೆ ಹುಟ್ಟುವುದೇ ಅಲ್ಲಿ. ಕೂತದ್ದೆಲ್ಲ ಕೂಡಿಕೊಂಡಿತು ಎಂದು ಅರ್ಥವಲ್ಲ. ದಡದಲ್ಲಿ ಸಲೀಸಾಗಿ ಗುರುಗುಟ್ಟಿದ ಎಂಜಿನ್ನು ಅಳಿವೆಯ ಬಾಯಲ್ಲಿ, ತೆರೆ ಏಳುವ ಜಾಗದಲ್ಲಿ, ಥ್ರಾಟಲ್ ತಿರುಗಿಸಿದೊಡನೆ ಉಸಿರು ಕಟ್ಟಿ ನಿಂತರೆ ಅದಕ್ಕೆ ಕಾರಣ ಈ ತುಂಡೇ ಆಗಿರಬಹುದು. ಗಂಗೊಳ್ಳಿಯ ಅಳಿವೆಯಾಗಲಿ ಕೋಡಿಬೆಂಗ್ರೆಯದಾಗಲಿ, ಎಂಜಿನ್ ನಿಂತ ದೋಣಿ ಅಡ್ಡ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಅಡ್ಡ ತಿರುಗಿದ ದೋಣಿಗೆ ಮುಂದಿನ ತೆರೆ ಬಡಿಯುವುದು ಪಕ್ಕೆಗೆ.

ಮಳೆಗಾಲದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಸಾಂಪ್ರದಾಯಿಕ ನಾಡದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಮೋಟಾರು ಅಳವಡಿಸಿದ ದೋಣಿಗಳಿಗೂ ಮಾತ್ರ ವಿನಾಯಿತಿ. ಹಾಗಾಗಿಯೇ 9.9 ಎಚ್‌ಪಿ ಎಂಜಿನ್ನುಗಳಿಗೆ ನಮ್ಮ ತೀರದಲ್ಲಿ ಇಷ್ಟು ಬೆಲೆ. ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುವ, ಕಡಲು ಅತ್ಯಂತ ಒರಟಾಗಿರುವ ಎರಡು ತಿಂಗಳಲ್ಲೇ ಅತ್ಯಂತ ಚಿಕ್ಕ ಎಂಜಿನ್ನುಗಳು ನೀರಿಗಿಳಿಯುತ್ತವೆ. ಆಗ ಇಂಧನದ ಹರಿವಿನಲ್ಲಿ ಒಂದು ಗುಳ್ಳೆಯಷ್ಟು ಗಾಳಿಗೂ ಜಾಗ ಕೊಡುವಂತಿಲ್ಲ.

ಕನೆಕ್ಟರ್ ತರಲು ಹೊರಡುವ ಮೊದಲು ಇಡೀ ಇಂಧನದ ದಾರಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ದೋಣಿಯಲ್ಲಿ ಬಿಡಿಯಾಗಿ ಇಡುವ ಟ್ಯಾಂಕು, ಅದರ ಮೇಲೆ ತಿರುಪಿ ಕೂರಿಸಿದ ಕೊಂಡಿ, ಅಲ್ಲಿಂದ ಒಂದು ತುಂಡು ಹೋಸು, ನಡುವೆ ಕೈಯಿಂದ ಹಿಸುಕುವ ಪ್ರೈಮರ್ ಬಲ್ಬು, ಮತ್ತೊಂದು ತುಂಡು ಹೋಸು, ಅದರ ತುದಿಯಲ್ಲಿ ಎಂಜಿನ್ನಿನ ಕೊಂಡಿ. ಎಂಜಿನ್ನಿನ ಮೈಗೆ ಅಂಟಿಕೊಂಡಿರುವುದನ್ನು ಮೆಕ್ಯಾನಿಕ್‌ಗಳು ‘ಮೇಲ್’ ಎನ್ನುತ್ತಾರೆ, ಹೋಸಿನ ತುದಿಯದನ್ನು ‘ಫೀಮೇಲ್’. ಹೋಸಿನ ಕೊಂಡಿಯ ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದಿರುವ ಒಂದು ಪುಟ್ಟ ಗುಂಡು ಇರುತ್ತದೆ. ಕೊಂಡಿ ಬಿಚ್ಚಿದಾಗ ಎಣ್ಣೆ ಸೋರದಂತೆ ಅದು ಬಾಯಿ ಮುಚ್ಚುತ್ತದೆ. ಎಂಜಿನ್ನಿನ ಪಿನ್ನು ಒಳಹೊಕ್ಕು ಆ ಗುಂಡನ್ನು ಹಿಂದಕ್ಕೆ ತಳ್ಳಿದಾಗಲೇ ದಾರಿ ತೆರೆಯುವುದು. ಪಿನ್ನಿನ ಸುತ್ತ ಕೂತ ಒಂದು ಓ-ರಿಂಗು ಹೊರಗಿನ ಗಾಳಿಯನ್ನು ತಡೆಯುತ್ತದೆ.

ಈ ಗುಂಡು ಮತ್ತು ರಿಂಗು ಎರಡನ್ನು ನೆನಪಿಟ್ಟರೆ ಉಳಿದದ್ದು ಸುಲಭ. ಬೇರೆ ಕಂಪನಿಯ ಕೊಂಡಿಯನ್ನು ಒತ್ತಿ ಕೂರಿಸಿದಾಗ ಪಿನ್ನು ಒಂದೆರಡು ಮಿಲಿಮೀಟರ್ ಗಿಡ್ಡವಿದ್ದರೆ ಗುಂಡು ಅರ್ಧ ಮಾತ್ರ ಸರಿಯುತ್ತದೆ. ನಿಧಾನ ವೇಗಕ್ಕೆ ಸಾಕಾಗುವಷ್ಟು ಎಣ್ಣೆ ಹೋಗುತ್ತದೆ, ಪೂರ್ಣ ವೇಗಕ್ಕೆ ಹೋಗುವುದಿಲ್ಲ. ಪಿನ್ನಿನ ದಪ್ಪ ಕೊಂಚ ಕಡಿಮೆಯಿದ್ದರೆ ಓ-ರಿಂಗು ಬಿಗಿಯಾಗಿ ಅಪ್ಪುವುದಿಲ್ಲ. ಆಗ ಎಣ್ಣೆ ಹೊರಗೆ ಸೋರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ನಿನ ಫ್ಯುಯೆಲ್ ಪಂಪು ಎಣ್ಣೆಯನ್ನು ಟ್ಯಾಂಕಿನಿಂದ ಹೀರಿಕೊಳ್ಳುವುದರಿಂದ ಹೋಸಿನೊಳಗೆ ಒತ್ತಡವಿರುವುದಿಲ್ಲ, ಇರುವುದು ಸೆಳೆತ. ಹೊರಗೆ ಒಂದು ಹನಿ ಒದ್ದೆಯೂ ಕಾಣದೆ ಎಂಜಿನ್ನು ಸಾಯುವುದು ಹೀಗೆ. ‘ಸೋರ್ತಾ ಇಲ್ಲವಲ್ಲ, ಕನೆಕ್ಟರ್ ಸರಿ ಇದೆ’ ಎಂಬ ತೀರ್ಮಾನ ತಪ್ಪುವುದೂ ಇಲ್ಲೇ.

ಮೊದಲ ಕೆಲಸ, ಊರಿಗೆ ಮರಳಿ ಫೋನ್ ಮಾಡುವುದು. ‘ಕನೆಕ್ಟರ್ ಬೇಕು’ ಎಂಬ ಮಾತು ಅರ್ಧ ಮಾಹಿತಿ. ಎಂಜಿನ್ ಕಡೆಯದೋ ಟ್ಯಾಂಕ್ ಕಡೆಯದೋ? ಹೋಸಿನ ತುದಿಯದೋ, ಎಂಜಿನ್ನಿನ ಮೈಯಲ್ಲಿರುವುದೋ? ಎಂಜಿನ್ನನ್ನು ದೋಣಿಯ ಹಿಂಬದಿಗೆ ಬಿಗಿಯುವ ಬ್ರಾಕೆಟ್ಟಿನ ಮೇಲೆ ಮಾದರಿ ಹಾಗೂ ಕ್ರಮಸಂಖ್ಯೆಯ ಪುಟ್ಟ ಫಲಕ ಇರುತ್ತದೆ. ಅದರ ಫೋಟೊ ಬೇಕು. ಹಳೆಯ ಕೊಂಡಿಯನ್ನು ಬಿಚ್ಚಿ, ಮುಖದಿಂದ ಒಂದು, ಪಕ್ಕದಿಂದ ಒಂದು ಫೋಟೊ, ಜತೆಗೊಂದು ಅಳತೆಪಟ್ಟಿ ಇಟ್ಟು. ಎಂಜಿನ್ನಿನ ಪಿನ್ನುಗಳ ಫೋಟೊ ಬೇರೆ. ಊರಿನಲ್ಲಿ ಯಾರ ಬಳಿಯಾದರೂ ವರ್ನಿಯರ್ ಇದ್ದರೆ ಪಿನ್ನಿನ ದಪ್ಪ, ಉದ್ದ, ಎರಡು ಪಿನ್ನುಗಳ ನಡುವಿನ ಅಂತರವನ್ನು ಅಳೆಸಬೇಕು. ಸಾಧ್ಯವಾದರೆ ಹಳೆಯ ತುಂಡನ್ನೇ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಫೋಟೊದಲ್ಲಿ ಯಮಹಾ ಕೊಂಡಿಗೂ ಸುಜುಕಿ ಕೊಂಡಿಗೂ ಇರುವ ವ್ಯತ್ಯಾಸ ಅನುಭವಿಯ ಕಣ್ಣಿಗೂ ತಪ್ಪಿಹೋಗುವುದುಂಟು.

ಇಷ್ಟೊಂದು ಬಗೆ ಯಾಕೆ? ದೋಣಿಯ ಹಿಂಬದಿಗೆ ಬಿಗಿಯುವ ಈ ಔಟ್‌ಬೋರ್ಡ್ ಎಂಜಿನ್ನು ಹುಟ್ಟಿ ನೂರು ವರ್ಷ ಮೀರಿದರೂ ಕಂಪನಿಗಳು ಈ ಕೊಂಡಿಯನ್ನು ಒಂದು ಅಳತೆಗೆ ತರಲೇ ಇಲ್ಲ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಓಲೆ ಎವಿನ್‌ರೂಡ್ 1909ರಲ್ಲಿ ತನ್ನ ಎಂಜಿನ್ನನ್ನು ಮಾರುಕಟ್ಟೆಗೆ ತಂದ. ಆಗ ಟ್ಯಾಂಕು ಎಂಜಿನ್ನಿನ ಮೈಮೇಲೇ ಕೂತಿರುತ್ತಿತ್ತು, ಕೊಂಡಿಯ ಗೊಡವೆಯೇ ಇರಲಿಲ್ಲ. ಟ್ಯಾಂಕು ದೋಣಿಯೊಳಗೆ ಇಳಿದ ಮೇಲೆ ಒಬ್ಬೊಬ್ಬ ತಯಾರಕನೂ ತನ್ನದೇ ಕೊಂಡಿ ಮಾಡಿಕೊಂಡ. 1950ರ ದಶಕದ ಜಾನ್ಸನ್, ಎವಿನ್‌ರೂಡ್ ಎಂಜಿನ್ನುಗಳಲ್ಲಿ ಪಂಪೇ ಇರಲಿಲ್ಲ. ಜೋಡಿ ಹೋಸಿನ ಒಂದು ದಾರಿಯಲ್ಲಿ ಎಂಜಿನ್ನು ಗಾಳಿ ಊದಿ, ಇನ್ನೊಂದರಲ್ಲಿ ಎಣ್ಣೆಯನ್ನು ಮೇಲೆ ತರಿಸಿಕೊಳ್ಳುತ್ತಿತ್ತು. ಯಾರ ಮನೆಯ ಅಟ್ಟದಲ್ಲಾದರೂ ಅಂಥ ಜೋಡಿ ಹೋಸಿನ ಹಳೆಯ ಎಂಜಿನ್ನು ಇದ್ದರೆ ಇಂದಿನ ಯಾವ ಕೊಂಡಿಯೂ ಅದಕ್ಕೆ ಸಲ್ಲದು. ಎವಿನ್‌ರೂಡ್ ತಯಾರಿಕೆಯನ್ನು ಅದರ ಒಡೆತನದ ಬಿಆರ್‌ಪಿ ಕಂಪನಿ 2020ರಲ್ಲಿ ನಿಲ್ಲಿಸಿತು.

ನಮ್ಮ ತೀರದಲ್ಲಿ ಹೆಚ್ಚು ಕಾಣುವುದು ಜಪಾನಿನ ಎಂಜಿನ್ನುಗಳು: ಯಮಹಾ, ಸುಜುಕಿ, ಟೊಹಾಟ್ಸು. ಇವುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ಹರಿಯುವ ಒಂದು ಪಿನ್ನು, ತಲೆಕೆಳಗಾಗಿ ಜೋಡಿಸದಂತೆ ದಾರಿ ತೋರಿಸುವ ಇನ್ನೊಂದು ಗೂಟ, ಮೇಲೆ ಬೆರಳಿಂದ ಒತ್ತುವ ಒಂದು ಚಿಲಕ. ನೋಟ ಒಂದೇ, ಅಳತೆ ಬೇರೆ. ಯಮಹಾದ ಬಿಡಿಭಾಗಗಳ ಸಂಖ್ಯೆಯಲ್ಲಿ ಒಂದು ಅನುಕೂಲವಿದೆ. ಮೊದಲ ಮೂರು ಅಕ್ಷರ–ಅಂಕಿಗಳು ಆ ಭಾಗ ಯಾವ ಮಾದರಿಗೆಂದು ಮೊದಲು ರೂಪಗೊಂಡಿತೆಂದು ಹೇಳುತ್ತವೆ, ನಡುವಿನ ಐದು ಅಂಕಿ ಅದು ಯಾವ ಭಾಗವೆಂದು. ನಡುವೆ 24304 ಇದ್ದರೆ ಎಂಜಿನ್ನಿನ ಮೈಯಲ್ಲಿರುವ ಕೊಂಡಿ, 24305 ಇದ್ದರೆ ಹೋಸಿನ ತುದಿಯದು. ಅಂಗಡಿಯವರು ಬೇರೆ ಪ್ಯಾಕೆಟ್ ಕೊಟ್ಟರೂ ಈ ಐದು ಅಂಕಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಮಿಕ್ಕರ್ಧ ಮೊದಲ ಮೂರರಲ್ಲಿದೆ. ಅದನ್ನು ಎಂಜಿನ್ನಿನ ಫಲಕದೊಂದಿಗೆ ತಾಳೆ ನೋಡಿಸಬೇಕು.

ಮರ್ಕ್ಯುರಿ ಎಂಜಿನ್ನಿನದು ಬೇರೆಯದೇ ಕಥೆ. ಅದರ ಹಳೆಯ ಮಾದರಿಗಳಲ್ಲಿ ಕೊಂಡಿಯನ್ನು ಒತ್ತಿ ತಿರುಗಿಸಬೇಕು, ಹೊಸ ಮಾದರಿಗಳಲ್ಲಿ ನೇರ ಒತ್ತಿದರೆ ಸಾಕು. ಸಣ್ಣ ಮರ್ಕ್ಯುರಿಗಳಲ್ಲಿ ಹಲವು ತಯಾರಾಗುವುದು ಟೊಹಾಟ್ಸು ಜತೆಗಿನ ಜಂಟಿ ಕಂಪನಿಯಲ್ಲಿ, ಅಂದರೆ ಹೊರಗಿನ ಬಣ್ಣ ಒಂದು, ಒಳಗಿನ ವಂಶ ಇನ್ನೊಂದು. ಹೆಸರು ನೋಡಿ ಕೊಂಡಿ ಕೊಂಡರೆ ಮೋಸ ಹೋಗುವುದು ಇಂಥಲ್ಲೇ. ಸುಜುಕಿ, ಹೋಂಡಾಗಳಲ್ಲಿ ದೊಡ್ಡ ಎಂಜಿನ್ನಿನ ಕೊಂಡಿ ದಪ್ಪ, ಸಣ್ಣದರ ಕೊಂಡಿ ಸಪೂರ. ಎಚ್‌ಪಿ ಎಷ್ಟು, ಯಾವ ವರ್ಷದ್ದು ಎಂಬ ಎರಡೂ ಪ್ರಶ್ನೆಗೆ ಉತ್ತರ ಇಲ್ಲದೆ ಪ್ಯಾಕೆಟ್ ಒಡೆಯಬಾರದು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಎಂಜಿನ್ ಕಡೆಯ ಕೊಂಡಿಗಾಗಿ ಇಟ್ಟಮಡುವಿನಿಂದ ಹೊರಟು ಜೆ.ಸಿ. ರಸ್ತೆಯಲ್ಲಿ ಅಲೆಯುವುದಕ್ಕಿಂತ ಮಲ್ಪೆ ಅಥವಾ ಮಂಗಳೂರಿನ ಬಂದರಿನಲ್ಲಿ ಕೇಳುವುದು ವಾಸಿ. ಜೆ.ಸಿ. ರಸ್ತೆ ಕಾರು, ಲಾರಿ, ಬೈಕುಗಳ ಬಿಡಿಭಾಗದ ಪೇಟೆ. ದೋಣಿ ಎಂಜಿನ್ನಿನ ಕೊಂಡಿಗಳಲ್ಲಿ ದಿನಾಲೂ ಕೈಯಾಡಿಸುವವರು ಇರುವುದು ದಕ್ಕೆಯ ಬಳಿ. ಬೆಂಗಳೂರಿನ ಪೇಟೆ ನಿಜವಾಗಿ ಉಪಯೋಗಕ್ಕೆ ಬರುವುದು ಹೋಸು, ಕ್ಲಾಂಪು, ಓ-ರಿಂಗು, ಹೋಸು ಏರಿಸುವ ಹಿತ್ತಾಳೆಯ ಬಾರ್ಬು, ವರ್ನಿಯರ್ ಇವುಗಳಿಗೆ. ಆ ಪಟ್ಟಿಯಲ್ಲೂ ಎಡವುವ ಜಾಗಗಳಿವೆ, ಅದರಲ್ಲೂ ಮರೆ.

ಮರೆ ಎಂದರೆ ತಿರುಪಿನ ಹಲ್ಲು. ದೋಣಿಯ ಬಿಡಿ ಟ್ಯಾಂಕುಗಳ ಮೇಲೆ ಕೊಂಡಿ ಕೂರುವ ರಂಧ್ರದ ಮರೆ ಬಹಳ ಕಡೆ 1/4 ಇಂಚಿನ ಎನ್‌ಪಿಟಿ, ಅಂದರೆ ಅಮೆರಿಕನ್ ಪೈಪಿನ ಅಳತೆ. ಸದರ್ ಪತ್ರಪ್ಪ ರಸ್ತೆಯ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರಸ್ತೆಯ, ಹಾರ್ಡ್‌ವೇರ್ ಅಂಗಡಿಯಲ್ಲಿ ‘ಕಾಲಿಂಚು ಹಿತ್ತಾಳೆ ನಿಪ್ಪಲ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಬಿಎಸ್‌ಪಿ, ಬ್ರಿಟಿಷ್ ಅಳತೆ. ಭಾರತದ ನಲ್ಲಿ, ಪೈಪು, ಗ್ಯಾಸಿನ ಜೋಡಣೆಗಳೆಲ್ಲ ಬೆಳೆದು ಬಂದದ್ದು ಈ ಅಳತೆಯಲ್ಲಿ. ಎರಡಕ್ಕೂ ಹೆಸರು ಕಾಲಿಂಚೇ. ಎನ್‌ಪಿಟಿಯಲ್ಲಿ ಇಂಚಿಗೆ 18 ಹಲ್ಲು, ಬಿಎಸ್‌ಪಿಯಲ್ಲಿ 19. ಒಂದರ ಹಲ್ಲಿನ ಕೋನ 60 ಡಿಗ್ರಿ, ಇನ್ನೊಂದರದು 55. ಹೊರವ್ಯಾಸ ಎನ್‌ಪಿಟಿಗೆ ಸುಮಾರು 13.7 ಮಿ.ಮೀ., ಬಿಎಸ್‌ಪಿಗೆ ಸುಮಾರು 13.2.

ಈ ಅರ್ಧ ಮಿಲಿಮೀಟರಿನ ಅಂತರವೇ ಕಣ್ಣಿಗೆ ಮಣ್ಣೆರಚುವುದು. ಬಿಎಸ್‌ಪಿ ನಿಪ್ಪಲ್ಲು ಟ್ಯಾಂಕಿನ ಎನ್‌ಪಿಟಿ ರಂಧ್ರದೊಳಗೆ ಎರಡು ಮೂರು ಸುತ್ತು ಆರಾಮಾಗಿ ಇಳಿಯುತ್ತದೆ. ಆಮೇಲೆ ಬಿಗಿಯಾಗುತ್ತದೆ. ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಕೊಟ್ಟವರಿಗೆ ಸರಿಯಾಗಿ ಕೂತಿತು ಎಂದೇ ಅನಿಸುತ್ತದೆ. ಒಳಗೆ ಪ್ಲಾಸ್ಟಿಕ್ ಟ್ಯಾಂಕಿನ ಹಲ್ಲುಗಳು ಕುಯ್ದುಹೋಗಿರುತ್ತವೆ, ಸುತ್ತಲೂ ಸುರುಳಿಯಾಕಾರದ ಸಂದು ಉಳಿದಿರುತ್ತದೆ, ಗಾಳಿ ಹೊಕ್ಕಲು ಅಷ್ಟು ಸಾಕು. ಇದನ್ನು ಅಂಗಡಿಯಲ್ಲೇ ಕಂಡುಹಿಡಿಯುವ ಉಪಾಯ ಸರಳ. ಹಳೆಯ ಕೊಂಡಿಯ ಹಲ್ಲನ್ನೂ ಹೊಸದರ ಹಲ್ಲನ್ನೂ ಒಂದಕ್ಕೊಂದು ಎದುರಾಗಿ ಒತ್ತಿ ಬೆಳಕಿಗೆ ಹಿಡಿಯಬೇಕು. ಒಂದೇ ಅಳತೆಯವಾದರೆ ಬಾಚಣಿಗೆಯೊಳಗೆ ಬಾಚಣಿಗೆ ಕೂತಂತೆ ಕೂತು ನಡುವೆ ಬೆಳಕು ತೂರುವುದಿಲ್ಲ. ಬೇರೆಯಾದರೆ ನಾಲ್ಕೈದು ಹಲ್ಲು ದಾಟುವಷ್ಟರಲ್ಲಿ ಸಂದು ಕಾಣುತ್ತದೆ. ಥ್ರೆಡ್ ಗೇಜು ಇರುವ ಅಂಗಡಿಯಲ್ಲಿ ಕೇಳಿದರೆ ಅಳೆದೇ ಕೊಡುತ್ತಾರೆ. ಅಳತೆ ಕೇಳಿ ಕೊಳ್ಳುವ ಗಿರಾಕಿಗೆ ಎಸ್.ಪಿ. ರಸ್ತೆಯಲ್ಲಿ ಮರ್ಯಾದೆ ಇದೆ.

ಮರೆ ಕೂಡಿಸುವಾಗ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಸುತ್ತುವ ಅಭ್ಯಾಸ ಬಿಡಬೇಕು. ಅದರ ಎಳೆ ತುಂಡಾಗಿ ಎಣ್ಣೆಯ ಜತೆ ಹರಿದು ಕಾರ್ಬ್ಯುರೇಟರಿನ ಸೂಜಿಗಣ್ಣಿನಲ್ಲಿ ಸಿಕ್ಕಿಕೊಳ್ಳಬಹುದು. ಪೆಟ್ರೋಲ್ ತಡೆಯುವ ಥ್ರೆಡ್ ಸೀಲೆಂಟ್ ಪೇಸ್ಟು ಸಿಗುತ್ತದೆ. ಮೊದಲ ಎರಡು ಹಲ್ಲು ಬಿಟ್ಟು ಉಳಿದವಕ್ಕೆ ತೆಳ್ಳಗೆ ಸವರಿದರೆ ಸಾಕು.

ಹೋಸಿನ ಒಳವ್ಯಾಸ ಇನ್ನೊಂದು ಲೆಕ್ಕ. ಪೇಟೆಯಲ್ಲಿ 1/4, 5/16, 3/8 ಇಂಚು ಎಂಬ ಮೂರು ಅಳತೆ, ಸುಮಾರು 6, 8, 10 ಮಿ.ಮೀ. ಚಿಕ್ಕ ಎಂಜಿನ್ನಿಗೆ ಮೊದಲನೆಯದು, ನಡುವಣ ಎಂಜಿನ್ನುಗಳಿಗೆ ಎರಡನೆಯದು, ನೂರು ಎಚ್‌ಪಿಯ ಆಸುಪಾಸಿನ ಮತ್ತು ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಮೂರನೆಯದು ಎಂಬುದು ಸ್ಥೂಲ ರೂಢಿ. ಕೊನೆಯ ಮಾತು ಎಂಜಿನ್ನಿನ ಕೈಪಿಡಿಯದು. 6 ಮತ್ತು 8ರ ನಡುವೆ ಎರಡೇ ಮಿಲಿಮೀಟರ್ ಎಂದು ತಳ್ಳಿಹಾಕುವಂತಿಲ್ಲ. ಎಣ್ಣೆ ಹರಿಯುವ ಅಡ್ಡಕೊಯ್ತದ ಲೆಕ್ಕ ಹಾಕಿದರೆ 6 ಮಿ.ಮೀ. ಹೋಸಿನದು 8 ಮಿ.ಮೀ. ಹೋಸಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಪೂರ್ಣ ವೇಗದಲ್ಲಿ ಗಂಟೆಗೆ 15 ಲೀಟರಿಗೂ ಹೆಚ್ಚು ಕುಡಿಯುವ 40 ಎಚ್‌ಪಿ ಎಂಜಿನ್ನಿಗೆ ಸಪೂರ ಕೊಳವೆ ಕಟ್ಟಿದರೆ ಬಾಯಾರಿಕೆ ತಪ್ಪದು. ಕೊಂಡಿಯ ಹಿಂದಿನ ಬಾರ್ಬು, ಬಲ್ಬಿನ ಎರಡು ತುದಿ, ಟ್ಯಾಂಕಿನ ಬಾರ್ಬು ಎಲ್ಲವೂ ಒಂದೇ ಅಳತೆಯಲ್ಲಿರಬೇಕು. ನಡುವೆ ಎಲ್ಲೋ ಒಂದು ಕಡೆ ಕಿರಿದಾದರೂ ಇಡೀ ದಾರಿ ಅಷ್ಟೇ ಕಿರಿದು. 8 ಮಿ.ಮೀ. ಬಾರ್ಬಿನ ಮೇಲೆ 10 ಮಿ.ಮೀ. ಹೋಸು ಏರಿಸಿ ಕ್ಲಾಂಪಿನಿಂದ ಹಿಂಡುವವರಿದ್ದಾರೆ. ಹಿಂಡಿದ ರಬ್ಬರು ಒಂದು ಕಡೆ ಮಡಚಿಕೊಂಡು ಅಲ್ಲೊಂದು ಗಾಳಿಯ ಗುಟ್ಟಿನ ದಾರಿ ಬಿಡುತ್ತದೆ.

ಕ್ಲಾಂಪು ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಲಿ, ಅದರ ತಿರುಪು ಕೂಡ. ಪಟ್ಟಿ ಮಾತ್ರ ಸ್ಟೇನ್‌ಲೆಸ್, ತಿರುಪು ಸಾದಾ ಕಬ್ಬಿಣ ಇರುವ ಕ್ಲಾಂಪುಗಳು ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಕಳೆಯುವುದು ಕಷ್ಟ. ಅಯಸ್ಕಾಂತ ಹಿಡಿದು ನೋಡಿದರೆ ಕಬ್ಬಿಣದ ತಿರುಪು ಸಿಕ್ಕಿಬೀಳುತ್ತದೆ.

ಇನ್ನು ರಬ್ಬರಿನ ಮಾತು. ಈಗ ಇದೇ ಎಲ್ಲಕ್ಕಿಂತ ಮುಖ್ಯವಾಗಿದೆ. ಶೇಕಡ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ದೇಶದಲ್ಲಿ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಎರಡೇ ವರ್ಷದಲ್ಲಿ ಅದು ಬಂಕುಗಳ ಸಾಮಾನ್ಯ ಪೆಟ್ರೋಲ್ ಆಗಿಬಿಟ್ಟಿತು. ಔಟ್‌ಬೋರ್ಡ್ ಎಂಜಿನ್ನಿನ ಪ್ರಮುಖ ತಯಾರಕರ ಕೈಪಿಡಿಗಳು ಮಾತ್ರ ಶೇಕಡ 10ರ ಎಥೆನಾಲ್ ಮಿತಿಯನ್ನೇ ಹೇಳುತ್ತ ಬಂದಿವೆ. ಎಥೆನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ, ಒಣಗಿದ ಮೇಲೆ ಬಿರುಕು ಬಿಡಿಸುತ್ತದೆ. ಹತ್ತು ವರ್ಷದ ಹಿಂದೆ ಕೊಂಡ ಹೋಸು, ಬಲ್ಬು, ಕೊಂಡಿಯ ಓ-ರಿಂಗು ಇವು ಯಾವುವೂ ಈ ಎಣ್ಣೆಯನ್ನು ಮನಸ್ಸಿನಲ್ಲಿಟ್ಟು ಮಾಡಿದವಲ್ಲ. ಎಂಜಿನ್ನಿಗೆ ಯಾವ ಎಣ್ಣೆ ಹಾಕಬಹುದೆಂಬುದನ್ನು ಆ ಮಾದರಿಯ ಡೀಲರ್ ಬಳಿ ಕೇಳಿಯೇ ತೀರ್ಮಾನಿಸಬೇಕು. ರಬ್ಬರಿನ ವಿಷಯದಲ್ಲಿ ಕಾಯುವ ಅಗತ್ಯವಿಲ್ಲ, ಹಳೆಯದನ್ನು ಈಗಲೇ ಬದಲಿಸಬಹುದು.

ಓ-ರಿಂಗು ಕೊಳ್ಳುವಾಗ ಪ್ಲಂಬರ್ ಡಬ್ಬಿಯ ರಿಂಗು ಬೇಡವೇ ಬೇಡ. ನೀರಿನ ನಲ್ಲಿಗೆ ಬಳಸುವ ಇಪಿಡಿಎಂ ರಬ್ಬರು ಪೆಟ್ರೋಲ್ ಸೋಕಿದರೆ ಊದಿಕೊಳ್ಳುತ್ತದೆ. ಅಳತೆ ಸರಿ ಇದ್ದ ಮಾತ್ರಕ್ಕೆ ಸಲ್ಲದು. ನೈಟ್ರೈಲ್ ರಬ್ಬರು ಪೆಟ್ರೋಲ್, ಸೀಮೆಎಣ್ಣೆ ಎರಡಕ್ಕೂ ಒಗ್ಗುತ್ತದೆ. ಎಥೆನಾಲ್ ಹೆಚ್ಚಿದ್ದಲ್ಲಿ ವಿಟಾನ್ ಹೆಸರಿನಲ್ಲಿ ಸಿಗುವ ಫ್ಲೋರೊ ರಬ್ಬರು ಇನ್ನೂ ಗಟ್ಟಿ. ಬೆಲೆ ಹೆಚ್ಚಾದರೂ ಬೇಕಾಗುವುದು ಒಂದೆರಡು ರಿಂಗು ಮಾತ್ರ.

ಹೋಸಿನ ಮೈಮೇಲೆ ಅಚ್ಚಾದ ಅಕ್ಷರ ಓದುವುದನ್ನು ರೂಢಿಸಿಕೊಳ್ಳಬೇಕು. ದೋಣಿಗೆಂದೇ ತಯಾರಾದ ಹೋಸಿನ ಮೇಲೆ ಐಎಸ್‌ಒ 7840 ಅಥವಾ ಐಎಸ್‌ಒ 8469 ಎಂದೋ, ಎಸ್‌ಎಇ ಜೆ1527 ಎಂದೋ ಇರುತ್ತದೆ. 7840 ಬೆಂಕಿ ತಡೆಯುವ ಬಗೆ, 8469 ಸಾದಾ ಬಗೆ. ಎಸ್‌ಎಇ ಎಂಬ ಅಮೆರಿಕನ್ ಗುರುತಿನಲ್ಲಿ ‘ಎ’ ಎಂದರೆ ಬೆಂಕಿಯನ್ನು ಎರಡೂವರೆ ನಿಮಿಷ ತಾಳಿಕೊಳ್ಳುವಂಥದು, ‘ಬಿ’ ಎಂದರೆ ಆ ಪರೀಕ್ಷೆ ಇಲ್ಲದ್ದು. ಮುಂದಿನ 1 ಎಂಬ ಅಂಕಿ ಸದಾ ಎಣ್ಣೆ ತುಂಬಿರುವ ಹೋಸಿಗೆ. ತೆರೆದ ನಾಡದೋಣಿಯ ಬಿಡಿ ಟ್ಯಾಂಕಿಗೆ ಬಿ1 ಸಾಕಾದೀತು, ಮುಚ್ಚಿದ ಎಂಜಿನ್ ಕೋಣೆಯಿದ್ದರೆ ಎ1 ಬೇಕು. ಬೈಕಿನ ಪೆಟ್ರೋಲ್ ಟ್ಯೂಬು ಒಂದಡಿ ಉದ್ದದ, ನೆರಳಿನ ದಾರಿಗೆ ಮಾಡಿದ್ದು. ಬಿಸಿಲು, ಉಪ್ಪು, ಬಲೆಯ ಉಜ್ಜಾಟ, ಕಾಲಡಿಯ ತುಳಿತ ಇವೆಲ್ಲ ಇರುವ ಎರಡು ಮೂರು ಮೀಟರ್ ದಾರಿಗೆ ಅದನ್ನು ಕಟ್ಟುವುದು ಸರಿಯಲ್ಲ.

ಸೀಮೆಎಣ್ಣೆಯ ಎಂಜಿನ್ನುಗಳಿಗೆ ಇನ್ನೊಂದು ತೊಡಕಿದೆ. ಕರಾವಳಿಯ ನಾಡದೋಣಿಗಳಲ್ಲಿ ಬಹುಕಾಲ ಓಡಿದ್ದು ಇವೇ. ಯಮಹಾ, ಸುಜುಕಿ ಎರಡರಲ್ಲೂ ಇಂಥ ಮಾದರಿಯ ಹೆಸರಿನಲ್ಲಿ ‘ಕೆ’ ಅಕ್ಷರ ಸೇರಿರುತ್ತದೆ. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್‌ಗೆ ಮರಳುವುದು ಇವುಗಳ ಪದ್ಧತಿ. ಅಂದರೆ ಎರಡು ಎಣ್ಣೆ, ಎರಡು ದಾರಿ, ನಡುವೆ ಎಣ್ಣೆ ಬದಲಿಸುವ ಒಂದು ಕಾಕು. ಕೊಂಡಿಗಳ ಸಂಖ್ಯೆ ಹೆಚ್ಚಿದಷ್ಟೂ ಗಾಳಿಗೆ ಬಾಗಿಲು ಹೆಚ್ಚು. ರಿಯಾಯಿತಿ ಸೀಮೆಎಣ್ಣೆ ಸಿಗದೆ ಮೀನುಗಾರರು ವರ್ಷ ವರ್ಷವೂ ಪಟ್ಟ ಪಾಡು ಕರಾವಳಿಗೆ ಹೊಸತಲ್ಲ. ಸೀಮೆಎಣ್ಣೆ ಬಿಟ್ಟು ಪೆಟ್ರೋಲ್ ಎಂಜಿನ್ನಿಗೆ ಹೋಗುವವರಿಗೆ ಸಹಾಯಧನವನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಪ್ರಕಟಿಸಿತು. ಎಂಜಿನ್ನು ಬದಲಾದ ಮೇಲೂ ಹಳೆಯ ಟ್ಯಾಂಕು, ಹಳೆಯ ಹೋಸನ್ನೇ ಹೊಸ ಎಂಜಿನ್ನಿಗೆ ಜೋಡಿಸುವ ಆಸೆ ಸಹಜ. ವರ್ಷಗಟ್ಟಲೆ ಸೀಮೆಎಣ್ಣೆ ಕುಡಿದ ಹೋಸಿನ ಒಳಪದರದ ಮೇಲೆ ಎಥೆನಾಲ್ ಬೆರೆತ ಪೆಟ್ರೋಲ್ ಹರಿದರೆ ಕೆಸರು ಕಳಚಿ ಬರುತ್ತದೆ. ಹೊಸ ಎಂಜಿನ್ನಿಗೆ ಹೊಸ ಹೋಸು, ಹೊಸ ಬಲ್ಬು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಮೇಲು.

ಪೇಟೆಯಲ್ಲಿ ಕೆಲವರು ಬೇರೊಂದು ದಾರಿ ತೋರಿಸುತ್ತಾರೆ. ಕಂಪ್ರೆಸರ್ ಗಾಳಿಯ ಲೈನಿಗೆ ಹಾಕುವ ಹಿತ್ತಾಳೆಯ ಕ್ವಿಕ್ ಕಪ್ಲರ್ ಎರಡೂ ಕಡೆ ಹಾಕಿಬಿಟ್ಟರೆ ಯಾವ ಕಂಪನಿಯ ಹಂಗೂ ಇಲ್ಲ ಎನ್ನುತ್ತಾರೆ. ನೋಡಲು ಗಟ್ಟಿ, ಅಗ್ಗ. ಆದರೆ ಅದು ಒಳಗಿನಿಂದ ಹೊರಕ್ಕೆ ಒತ್ತುವ ಗಾಳಿಗೆ ಮಾಡಿದ್ದು. ಒತ್ತಡ ಹೆಚ್ಚಿದಷ್ಟೂ ಬಿಗಿಯಾಗುವ ಅದರ ರಿಂಗು ಹೊರಗಿನಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಅಷ್ಟೇ ಬಿಗಿಯಾಗಿ ನಿಲ್ಲುತ್ತದೆಂಬ ಭರವಸೆ ಇಲ್ಲ. ಕೊಂಡಿಯನ್ನೇ ತೆಗೆದು ಹೋಸನ್ನು ನೇರ ಎಂಜಿನ್ನಿಗೆ ಕ್ಲಾಂಪ್ ಮಾಡುವುದು ಇನ್ನೊಂದು ರೂಢಿ. ಒಂದೇ ಟ್ಯಾಂಕು, ನಡುವೆ ಮುಚ್ಚುವ ಕಾಕು ಇದ್ದರೆ ಇದು ಕೆಟ್ಟದ್ದೇನಲ್ಲ. ಗಾಳಿ ಹೊಗುವ ಒಂದು ಬಾಗಿಲು ಕಡಿಮೆಯಾಗುತ್ತದೆ. ಕಡಲ ನಡುವೆ ಟ್ಯಾಂಕು ಬದಲಿಸಬೇಕಾದ ದೋಣಿಗೆ, ಬೆಂಕಿ ಕಾಣಿಸಿದರೆ ಟ್ಯಾಂಕನ್ನು ಕ್ಷಣದಲ್ಲಿ ಬೇರ್ಪಡಿಸಬೇಕಾದ ದೋಣಿಗೆ ಅದು ಸಲ್ಲದು.

ಹೊಸ ಕೊಂಡಿ ಹಾಕಿದ ಮೇಲೆ ಪರೀಕ್ಷೆ ದಡದಲ್ಲೇ ಮುಗಿಯಬೇಕು. ಬಲ್ಬಿನ ಮೇಲಿನ ಬಾಣ ಎಂಜಿನ್ನಿನ ಕಡೆಗಿರಲಿ. ಬಲ್ಬನ್ನು ಬಾಣ ಮೇಲ್ಮುಖವಾಗಿರುವಂತೆ ಎತ್ತಿ ಹಿಡಿದು ಹಿಸುಕಿದರೆ ಒಳಗಿನ ಕವಾಟಗಳು ಸರಿಯಾಗಿ ಕೂರುತ್ತವೆ. ಏಳೆಂಟು ಹಿಸುಕಿನಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗಬೇಕು, ಗಟ್ಟಿಯಾಗಿಯೇ ಉಳಿಯಬೇಕು. ಎಷ್ಟು ಹಿಸುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಹೊಗುತ್ತಿದೆ, ಇಲ್ಲವೇ ಕವಾಟ ಕೆಟ್ಟಿದೆ. ಗಟ್ಟಿಯಾಗಿದ್ದ ಬಲ್ಬು ಕಣ್ಣೆದುರೇ ಸಡಿಲಾದರೆ ಕೊಂಡಿಯ ಸುತ್ತ ಬೆರಳಾಡಿಸಿ ನೋಡಬೇಕು, ಮೂಸಿ ನೋಡಬೇಕು. ಎಂಜಿನ್ನನ್ನು ನೀರಿನಲ್ಲಿಳಿಸಿ, ದೋಣಿಯನ್ನು ಗಟ್ಟಿಯಾಗಿ ಕಟ್ಟಿ, ಗೇರಿನಲ್ಲಿ ವೇಗ ಏರಿಸಿದಾಗ ಬಲ್ಬು ಒಣಗಿದ ಹಣ್ಣಿನಂತೆ ಒಳಕ್ಕೆ ಸೊರಗಿದರೆ ತಡೆ ಇರುವುದು ಟ್ಯಾಂಕಿನ ಕಡೆ: ಮುಚ್ಚಳದ ಗಾಳಿತಿರುಪು ತೆರೆದಿಲ್ಲ, ಜಾಲರಿ ಕಟ್ಟಿದೆ, ಅಥವಾ ಟ್ಯಾಂಕಿನ ಕೊಂಡಿಯ ಗುಂಡು ಪೂರ್ತಿ ಸರಿದಿಲ್ಲ. ಬಲ್ಬು ಸೊರಗದೆ ಎಂಜಿನ್ನು ಮಾತ್ರ ಸೊರಗಿ, ಕೈಯಿಂದ ಹಿಸುಕಿದೊಡನೆ ಮತ್ತೆ ಚೇತರಿಸಿಕೊಂಡರೆ ಗಾಳಿ ಸೋರಿಕೆಯನ್ನೋ ಎಂಜಿನ್ನಿನ ಪಂಪನ್ನೋ ಅನುಮಾನಿಸಬೇಕು. ಎರಡರಲ್ಲಿ ಯಾವುದೆಂದು ತಿಳಿಯಲು ಎಂಜಿನ್ನಿನ ಕೊಂಡಿಯ ಹಿಂದೆ ಒಂದು ಗೇಣು ಪಾರದರ್ಶಕ ಪೆಟ್ರೋಲ್ ಟ್ಯೂಬನ್ನು ತಾತ್ಕಾಲಿಕವಾಗಿ ಸೇರಿಸಿದರಾಯಿತು. ಗುಳ್ಳೆಗಳು ಸಾಲುಗಟ್ಟಿ ಬಂದರೆ ತಪ್ಪು ಹಿಂದಿನ ಜೋಡಣೆಯಲ್ಲಿದೆ. ಪರೀಕ್ಷೆ ಮುಗಿದೊಡನೆ ಆ ಟ್ಯೂಬು ತೆಗೆದುಬಿಡಬೇಕು, ಅದು ಬಿಸಿಲಿಗೆ ಬಾಳುವುದಿಲ್ಲ.

ಬಿಸಿಲಲ್ಲಿ ಬಿಟ್ಟ ಟ್ಯಾಂಕಿನ ಬಗ್ಗೆಯೂ ಒಂದು ಎಚ್ಚರ. ಅಮೆರಿಕದ ಮಾಲಿನ್ಯ ನಿಯಮಕ್ಕೆ ತಕ್ಕಂತೆ 2011ರಿಂದೀಚೆಗೆ ತಯಾರಾದ ಬಿಡಿ ಟ್ಯಾಂಕುಗಳು ಒಳಗಿನ ಆವಿಯನ್ನು ಸುಲಭಕ್ಕೆ ಹೊರಬಿಡುವುದಿಲ್ಲ. ಒತ್ತಡ 5 ಪಿಎಸ್‌ಐ ಮುಟ್ಟುವವರೆಗೂ ಹಿಡಿದಿಟ್ಟುಕೊಳ್ಳುತ್ತವೆ. ವಿದೇಶದಿಂದ ತರಿಸಿದ ಅಂಥ ಟ್ಯಾಂಕನ್ನು ಹಳೆಯ ಎಂಜಿನ್ನಿಗೆ ಕೊಂಡಿ ಹಾಕಿಯೇ ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಆ ಒತ್ತಡ ಎಣ್ಣೆಯನ್ನು ಕಾರ್ಬ್ಯುರೇಟರಿಗೆ ನುಗ್ಗಿಸುತ್ತದೆ. ದೋಣಿ ದಡ ಸೇರಿದೊಡನೆ ಕೊಂಡಿ ಬಿಚ್ಚಿಡುವುದು ಯಾವ ಟ್ಯಾಂಕಿಗಾದರೂ ಒಳ್ಳೆಯ ರೂಢಿ.

ಇಟ್ಟಮಡುವಿನ ನೆರೆಯ ಹೊಸಕೆರೆಹಳ್ಳಿ ದೋಣಿಯ ಅಗತ್ಯ ಕಾಣದ ಊರೇನಲ್ಲ. 2020ರ ಅಕ್ಟೋಬರ್ 23ರ ಮಳೆಗೆ ಅಲ್ಲಿನ ರಾಜಕಾಲುವೆ ಉಕ್ಕಿ ದತ್ತಾತ್ರೇಯನಗರದ ಮನೆಗಳೊಳಗೆ ನೀರು ನುಗ್ಗಿತ್ತು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಜನರನ್ನು ರಬ್ಬರ್ ದೋಣಿಯಲ್ಲಿ ಸಾಗಿಸಬೇಕಾಯಿತು. ನೆರೆಗಾಲದ ದೋಣಿಯ ಎಂಜಿನ್ನಿಗೆ, ರಕ್ಷಣಾ ಸಿಬ್ಬಂದಿ ‘ಓಬಿಎಂ’ ಎನ್ನುವ ಈ ಎಂಜಿನ್ನಿಗೆ, ಇರುವ ಕಷ್ಟ ಮೀನುಗಾರರ ಎಂಜಿನ್ನಿಗಿಂತ ಬೇರೆ. ಮೀನುಗಾರರದು ದಿನಾಲೂ ಓಡಿ ಸವೆದರೆ ಇದು ತಿಂಗಳುಗಟ್ಟಲೆ ಓಡದೆ ಕೆಡುತ್ತದೆ. ಕೊಂಡಿಯೊಳಗಿನ ರಿಂಗು ಒಣಗಿ ಚಪ್ಪಟೆಯಾಗುತ್ತದೆ, ಗುಂಡು ಅಂಟಿಕೊಳ್ಳುತ್ತದೆ. ಒಂದು ಉಗ್ರಾಣದಲ್ಲಿ ಎರಡು ಮೂರು ಕಂಪನಿಯ ಎಂಜಿನ್ನುಗಳಿದ್ದರೆ ಹೋಸುಗಳು ಅದಲುಬದಲಾಗುವುದು ಖಚಿತ. ಸಂಘ ಸಂಸ್ಥೆಗಳು, ಸ್ವಯಂಸೇವಕರ ತಂಡಗಳು ಇಂಥ ಎಂಜಿನ್ನು ಇಟ್ಟುಕೊಂಡಿದ್ದರೆ ಎಂಜಿನ್ನಿನ ಪಿನ್ನಿಗೂ ಅದರ ಹೋಸಿನ ಕೊಂಡಿಗೂ ಒಂದೇ ಬಣ್ಣದ ಪಟ್ಟಿ ಸುತ್ತಿಡುವುದು ಐದು ನಿಮಿಷದ ಕೆಲಸ. ತಿಂಗಳಿಗೊಮ್ಮೆ ಡ್ರಮ್ಮಿನ ನೀರಿನಲ್ಲಿ ಓಡಿಸಿ, ಕೊಂಡಿ ಬಿಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದ ಎಣ್ಣೆ ಮುಗಿದು ತಾನಾಗಿ ನಿಲ್ಲುವವರೆಗೆ ಬಿಡುವುದು ಇನ್ನೊಂದು.

ಊರಿಗೆ ಹೊರಡುವ ದಿನ ಬಂತೆನ್ನಿ. ಡೀಲರ್ ಬಳಿಯಿಂದ ತರಿಸಿದ ಎಂಜಿನ್ ಕಡೆಯ ಕೊಂಡಿ, ಹಲ್ಲು ತಾಳೆ ನೋಡಿದ ಟ್ಯಾಂಕಿನ ಬಾರ್ಬು, ಅಚ್ಚು ಓದಿ ಕೊಂಡ ಮೂರು ಮೀಟರ್ ಹೋಸು, ಬಲ್ಬು, ಅಯಸ್ಕಾಂತಕ್ಕೆ ಅಂಟದ ಆರು ಕ್ಲಾಂಪು, ನಾಲ್ಕು ಬಿಡಿ ಓ-ರಿಂಗು ಇಷ್ಟು ಸಾಮಾನು ಒಂದು ಸಣ್ಣ ಕೈಚೀಲದಲ್ಲಿ ಹಿಡಿಸುತ್ತದೆ. ಓ-ರಿಂಗುಗಳನ್ನು ಬೆಳಕು ತಾಗದ ಪೊಟ್ಟಣದಲ್ಲಿಟ್ಟು, ಮೇಲೆ ಎಂಜಿನ್ನಿನ ಮಾದರಿ ಸಂಖ್ಯೆ ಬರೆದಿಟ್ಟರೆ ಮುಂದಿನ ಸಲ ಫೋನ್ ಬಂದಾಗ ಹುಡುಕಾಟ ತಪ್ಪುತ್ತದೆ. ಹಳೆಯ ಕೊಂಡಿಯನ್ನೂ ಎಸೆಯಬಾರದು. ಮುಂದೊಮ್ಮೆ ಎಸ್.ಪಿ. ರಸ್ತೆಯ ಅಂಗಡಿಯವನ ಮುಂದೆ ಅಳತೆಗೆ ಇಡಲು ಅದು ಬೇಕಾಗುತ್ತದೆ.